ಚಕ್ರದೊಳಗಣ ವಾಯು

ಕಾರನ್ನು ಕೊಂಡ ಗೃಹಸ್ಥರು ಆಯುಧಪೂಜೆಯಂದು ಅದಕ್ಕೆ ಕುಂಬಳಕಾಯಿ ಒಡೆಯುವುದನ್ನು ಮರೆಯುವುದಿಲ್ಲ. ನಾಲ್ಕು ಚಕ್ರಗಳಿಗೂ ನಿಂಬೆಹಣ್ಣಿಟ್ಟು ಹಾಯಿಸುವುದನ್ನೂ ಮರೆಯುವುದಿಲ್ಲ. ಆದರೆ ಆ ಚಕ್ರಗಳೊಳಗೆ ಗಾಳಿ ಎಷ್ಟಿದೆಯೆಂದು ನೋಡುವವರು ವಿರಳ. ನಾನೂ ಬಹುಕಾಲ ಅಂಥವರ ಗುಂಪಿನವನೇ ಆಗಿದ್ದೆನು.

2023ರ ವೈಶಾಖದಲ್ಲಿ ಮಗ, ಸೊಸೆ, ಇಬ್ಬರು ಮೊಮ್ಮಕ್ಕಳೊಡನೆ ಹಾಸನದಿಂದ ಧರ್ಮಸ್ಥಳಕ್ಕೆ ಹೊರಟಿದ್ದೆವು. ಸಕಲೇಶಪುರವನ್ನು ಸೇರುವ ಮೊದಲೇ ಹಿಂದಿನ ಎಡಚಕ್ರವು ಸಿಡಿಲಿನಂತೆ ಸದ್ದುಮಾಡಿ ಹರಿದುಹೋಯಿತು. ಗಾಡಿ ಓಲಾಡಿತು; ಮಗನು ಗಾಬರಿಯಾಗದೆ ಅದನ್ನು ದಾರಿಯ ಮಗ್ಗುಲಿಗೆ ತಂದು ನಿಲ್ಲಿಸಿದನು. ಇದೇ ಶಿರಾಡಿ ಘಟ್ಟದ ಇಳಿಜಾರಿನಲ್ಲಿ ನಡೆದಿದ್ದರೆ ಏನಾಗುತ್ತಿತ್ತೆಂಬುದನ್ನು ನೆನೆಯಲಾರೆ. ಸ್ಟೆಪ್ನಿಯನ್ನು ತೆಗೆದು ನೋಡಿದರೆ ಅದರಲ್ಲಿಯೂ ಗಾಳಿಯಿಲ್ಲ! ಮಗನು ಲಾರಿಯೊಂದನ್ನು ಹತ್ತಿಹೋಗಿ ಪಂಚರ್ ಅಂಗಡಿಯ ಹುಡುಗನನ್ನು ಕರೆತರುವಷ್ಟರಲ್ಲಿ ಮಧ್ಯಾಹ್ನವಾಯಿತು. ಹುಡುಗನು ಹರಿದ ಟೈರಿನ ಎರಡು ಅಂಚುಗಳೂ ಸವೆದಿರುವುದನ್ನು ತೋರಿಸಿ, “ಸಾರ್, ಗಾಳಿ ಕಮ್ಮಿ ಇದ್ದೇ ಬಹಳ ದಿನ ಓಡಿದೆ” ಎಂದನು. ಅನೇಕ ವರ್ಷ ಪಾಠ ಹೇಳಿದ ನನಗೆ ಅಂದು ಅವನು ಗುರುವಾದನು.

ಗಾಡಿಯ ಭಾರವನ್ನು ಹೊರುವುದು ಮುಖ್ಯವಾಗಿ ಒಳಗಿನ ವಾಯುವೇ ಹೊರತು ಬರಿಯ ರಬ್ಬರಲ್ಲ. ಸಾವಿರ ಕಿಲೋಗ್ರಾಂ ತೂಕದ ಕಾರಿನಲ್ಲಿ ಒಂದೊಂದು ಚಕ್ರಕ್ಕೆ ಸುಮಾರು 250 ಕಿಲೋಗ್ರಾಂ, ಎಂದರೆ 550 ಪೌಂಡು ಬೀಳುವುದು. ಒತ್ತಡವು ಚದರಂಗುಲಕ್ಕೆ 33 ಪೌಂಡಿದ್ದರೆ ನೆಲವನ್ನು ಮುಟ್ಟುವ ಭಾಗವು ಹೆಚ್ಚುಕಡಮೆ 17 ಚದರಂಗುಲ; ಒಂದು ಅಂಗೈಯಗಲ! ಇಡೀ ಸಂಸಾರವು ಇಂತಹ ನಾಲ್ಕು ಅಂಗೈಗಳ ಮೇಲೆ ಪಯಣಿಸುತ್ತಿರುವುದಷ್ಟೆ. ಗಾಳಿ ಕುಗ್ಗಿದರೆ ಟೈರಿನ ಪಕ್ಕಗಳು ಸುತ್ತುಸುತ್ತಿಗೂ ಮಡಿಸಿ ಕಾಯುತ್ತವೆ. ಬಹಳವಾಗಿ ಕಾದ ಟೈರಿನ ಪದರಗಳು ಬಿಟ್ಟು ಕಡೆಗೆ ಅದು ಸಿಡಿಯುವುದು. ಪೆಟ್ರೋಲಿನ ವೆಚ್ಚವೂ ಏರುವುದು. ಗಾಳಿ ಅತಿಯಾದರೆ ನಡುಭಾಗವು ಸವೆದು, ನೆಲದ ಮೇಲಣ ಹಿಡಿತವು ತಗ್ಗುವುದು.

ಮಾಡತಕ್ಕದ್ದು ಇಷ್ಟೆ. ತಿಂಗಳಿಗೊಮ್ಮೆ, ದೂರಪ್ರಯಾಣಕ್ಕೆ ಮುಂಚೆಯೂ, ಚಕ್ರಗಳು ತಣ್ಣಗಿರುವ ಬೆಳಗಿನ ಹೊತ್ತು ಒತ್ತಡವನ್ನು ಅಳೆಯಬೇಕು. ಎಷ್ಟಿರಬೇಕೆಂಬುದು ಸಾಮಾನ್ಯವಾಗಿ ಚಾಲಕನ ಬಾಗಿಲಿನ ಚೌಕಟ್ಟಿನಲ್ಲಿ ಅಂಟಿಸಿದ ಚೀಟಿಯಲ್ಲಿಯೂ ಗಾಡಿಯ ಕೈಪಿಡಿಯಲ್ಲಿಯೂ ಇರುವುದು. ತುಂಬಿದ ಗಾಡಿಗೆ ಬೇರೆ ಅಂಕಿ ಕೊಟ್ಟಿದ್ದರೆ ಅದನ್ನೂ ಗಮನಿಸಬೇಕು. ಟೈರಿನ ಮೈಮೇಲೆ ಗರಿಷ್ಠ ಒತ್ತಡವೆಂದು ಅಚ್ಚಾಗಿರುವ ಅಂಕಿಯು ಮೇರೆಯೇ ಹೊರತು ವಿಧಿಯಲ್ಲ. ಓಡಿ ಕಾದ ಟೈರಿನಲ್ಲಿ ಒತ್ತಡವು ಹೆಚ್ಚಾಗಿ ತೋರುವುದು ಸಹಜ; ಅದನ್ನು ಕಂಡು ಗಾಳಿ ಬಿಡಬಾರದು, ಆರಿದ ಮೇಲೆ ಕಡಮೆಯಾದೀತು. ಸ್ಟೆಪ್ನಿಯನ್ನು ಮರೆಯಬಾರದು. ಅಳೆದ ಮೇಲೆ ವಾಲ್ವಿನ ಮುಚ್ಚಳವನ್ನು ತಪ್ಪದೆ ತಿರುಗಿಸಬೇಕು. ಗಾಳಿಯು ತಾನಾಗಿಯೇ ತಿಂಗಳಿಗೆ ಒಂದೆರಡು ಪೌಂಡಿನಷ್ಟು ಸೋರುವುದುಂಟು. ಇಂದಿನ ಟೈರು ಕಣ್ಣಿಗೆ ತುಂಬಿದಂತೆ ಕಂಡರೂ ಒಳಗೆ ಬಡವಾಗಿರಬಹುದು. ಆದಕಾರಣ ಕಣ್ಣನ್ನಾಗಲಿ ಕಾಲಿನ ಒದೆತವನ್ನಾಗಲಿ ನಂಬಲಾಗದು.

ಈಗ ನಮ್ಮ ಮನೆಯಲ್ಲಿ ಒಂದು ಚಿಕ್ಕ ಮಾಪಕವಿದೆ. ತಿಂಗಳ ಮೊದಲ ಭಾನುವಾರ ಮೊಮ್ಮಗನು ಕುಳಿತು ಒಂದೊಂದೇ ಚಕ್ರದ ಅಂಕಿಯನ್ನು ಗಟ್ಟಿಯಾಗಿ ಓದುತ್ತಾನೆ; ನಾನು ಹಾಲಿನ ಲೆಕ್ಕದ ಪುಸ್ತಕದ ಕೊನೆಯ ಪುಟದಲ್ಲಿ ಬರೆದುಕೊಳ್ಳುತ್ತೇನೆ. ಐದನೆಯ ಅಂಕಿ ಸ್ಟೆಪ್ನಿಯದು.