ಮೂರು ಚೌಕ ಸೇರುವ ಮೂಲೆ

ಹಾಸನದ ಪೇಟೆಯಲ್ಲಾಗಲಿ ಚನ್ನರಾಯಪಟ್ಟಣದ ಬಸ್ ನಿಲ್ದಾಣದ ಆಸುಪಾಸಿನಲ್ಲಾಗಲಿ, ಟೈಲರ್ ಅಂಗಡಿಯ ಬಾಗಿಲಲ್ಲಿ ‘ಸೀರೆಗೆ ಕುಚ್ಚು ಹಾಕಿಕೊಡಲಾಗುವುದು’ ಎಂಬ ಬೋರ್ಡು ಕಂಡರೆ ಯಾರೂ ನಿಂತು ನೋಡುವುದಿಲ್ಲ, ಅಷ್ಟು ಸಾಮಾನ್ಯ. ಹೊಳೆನರಸೀಪುರ, ಅರಕಲಗೂಡಿನ ಮನೆಗಳಲ್ಲೂ ಮಧ್ಯಾಹ್ನದ ಕೆಲಸ ಮುಗಿಸಿ ಯಾರದೋ ಸೀರೆಯ ಸೆರಗನ್ನು ತೊಡೆಯ ಮೇಲೆ ಹರಡಿಕೊಂಡು ಕೂರುವವರಿದ್ದಾರೆ. ಕೈಯಲ್ಲಿ ತುದಿಗೆ ಕೊಕ್ಕೆಯಿರುವ ಒಂದು ಕಡ್ಡಿ, ಬೆರಳಿಗೆ ಸುತ್ತಿದ ರೇಷ್ಮೆ ದಾರ. ಚೈನ್, ಲಾಕ್, ಕಂಬ, ಮಣಿ: ಇಷ್ಟರಲ್ಲೇ ಇಡೀ ವಿದ್ಯೆ ನಡೆಯುತ್ತದೆ. ಅದೇ ಕೈಗೆ ಉಲ್ಲನ್ ಉಂಡೆಯನ್ನೂ 4 ಮಿಲಿಮೀಟರ್ ದಪ್ಪದ ಕ್ರೋಶಾ ಕಡ್ಡಿಯನ್ನೂ ಕೊಟ್ಟರೆ ಬಣ್ಣಬಣ್ಣದ ಗ್ರಾನಿ ಸ್ಕ್ವೇರ್ ಕಲಿಯಲು ಒಂದು ಮಧ್ಯಾಹ್ನ ಧಾರಾಳ ಸಾಕು. ಹದಿನಾಲ್ಕು ಚೌಕವಾದರೆ ಹೆಗಲಿಗೆ ತೂಗುಹಾಕುವ ಒಂದು ಚೀಲ.

ಆದರೆ ಕುಚ್ಚು ಸೆರಗಿನ ಅಂಚಿನುದ್ದಕ್ಕೆ ಸಾಗುವ ಗೆರೆ, ಚೌಕವೆಂಬುದು ಮೇಲ್ಮೈ. ಗೆರೆಗೆ ಇಲ್ಲದ ತಕರಾರು ಮೇಲ್ಮೈಗೆ ಇದೆ. ಅದು ಚಪ್ಪಟೆಯಾಗಿ ಮಲಗಬಹುದು, ಬಟ್ಟಲಿನಂತೆ ಮೇಲೇಳಬಹುದು, ಅಂಚಿನಲ್ಲಿ ನೆರಿಗೆಗಟ್ಟಬಹುದು. ಈ ಮೂರರಲ್ಲಿ ಯಾವುದಾಗುತ್ತದೆ ಎಂಬುದು ಪ್ರತಿ ಸುತ್ತಿಗೆ ಎಷ್ಟು ಕಂಬ ಹೆಚ್ಚಿಸಿದಿರಿ ಎಂಬ ಒಂದೇ ಲೆಕ್ಕದಲ್ಲಿ ಅಡಗಿದೆ. ಕುಚ್ಚು ಹಾಕುತ್ತಾ ತುಟಿಯಲ್ಲೇ ಎಣಿಸುವ ಅಭ್ಯಾಸವಿದ್ದವರು ಇಲ್ಲಿ ಅರ್ಧ ಗೆದ್ದಂತೆ.

ಗ್ರಾನಿ ಸ್ಕ್ವೇರಿನ ಅಚ್ಚಾದ ವಿವರಣೆಗಳಲ್ಲಿ ತೀರ ಹಳೆಯದೊಂದು 1885ರಲ್ಲಿ ‘ಪ್ರೇರಿ ಫಾರ್ಮರ್’ ಎಂಬ ಅಮೆರಿಕದ ಕೃಷಿ ಪತ್ರಿಕೆಯಲ್ಲಿ ಬಂತು. ಅಲ್ಲಿಂದೀಚೆಗೆ ಕ್ರಮ ಹೆಚ್ಚೇನೂ ಬದಲಾಗಿಲ್ಲ. ನಡುವೆ ಚೈನಿನ ಒಂದು ಪುಟ್ಟ ಉಂಗುರ, ಅದರೊಳಗೆ ಮೂರು ಮೂರು ಕಂಬದ ನಾಲ್ಕು ಗುಂಪು. ಮುಂದಿನ ಸುತ್ತಿನಲ್ಲಿ ಮೂಲೆಗೆ ಎರಡೆರಡು ಗುಂಪು ಬಿದ್ದು ಎಂಟಾಗುತ್ತದೆ. ಆಮೇಲೆ ಹನ್ನೆರಡು, ಹದಿನಾರು, ಇಪ್ಪತ್ತು. ಹೆಚ್ಚಳ ಯಾವಾಗಲೂ ನಾಲ್ಕೇ, ಅದೂ ಮೂಲೆಗಳಲ್ಲಿ ಮಾತ್ರ. ಏಕೆ ನಾಲ್ಕು? ಚೌಕದ ನಡುವಿನಿಂದ ಅಂಚಿಗೆ ಇರುವ ದೂರ 1 ಸೆಂಟಿಮೀಟರ್ ಹೆಚ್ಚಿದರೆ ಸುತ್ತಳತೆ 8 ಸೆಂಟಿಮೀಟರ್ ಹೆಚ್ಚಲೇಬೇಕು. ಒಂದು ಗುಂಪು, ಅದರ ಪಕ್ಕದ ಖಾಲಿ ಜಾಗ, ಎರಡೂ ಸೇರಿ ಸುಮಾರಾಗಿ ಒಂದು ಸುತ್ತಿನ ಎತ್ತರದ ಎರಡರಷ್ಟು ಅಗಲ. ನಾಲ್ಕು ಗುಂಪು ಹೆಚ್ಚಿಸಿದರೆ ಎಂಟು ಪಾಲು ತುಂಬಿತು, ಚೌಕ ನೆಲಕ್ಕೆ ಅಂಟಿ ಕೂತಿತು. ಕೈ ಸಡಿಲವಿದ್ದವರ ಚೌಕ ಸ್ವಲ್ಪ ಅಲೆಯಾದರೆ ಗುಂಪುಗಳ ನಡುವಿನ ಚೈನ್ ಬಿಟ್ಟುಬಿಡಿ ಎಂದು ತಿಳಿದವರು ಹೇಳುವುದು ಇದೇ ಲೆಕ್ಕವನ್ನು ಸರಿದೂಗಿಸಲು.

ದುಂಡಗಿನ ತಟ್ಟೆಗೆ ಎಂಟಿನ ಬದಲು 6.28, ಅಂದರೆ ಪೈನ ಎರಡರಷ್ಟು. ಗಿಡ್ಡ ಹೆಣಿಗೆಯ ಎತ್ತರವೂ ಅಗಲವೂ ಹೆಚ್ಚುಕಡಿಮೆ ಒಂದೇ, ಆದ್ದರಿಂದ ಸುತ್ತಿಗೆ ಆರು ಹೆಚ್ಚಿಸುತ್ತಾರೆ. ಉದ್ದ ಕಂಬದ ಎತ್ತರ ಅಗಲದ ಇಮ್ಮಡಿ, ಆದ್ದರಿಂದ ಹನ್ನೆರಡು. ಕ್ರೋಶಾ ಕಲಿಸುವವರೆಲ್ಲ ಬಾಯಿಪಾಠ ಮಾಡಿಸುವ ಈ ಆರು, ಹನ್ನೆರಡರ ಹಿಂದೆ ಇರುವುದು ಪೈ. ಶಾಲೆಯಲ್ಲಿ ಪೈ ಎಂದರೆ 22/7 ಎಂದು ಬರೆಸಿ ಮುಗಿಸುವ ಬದಲು ಮಕ್ಕಳ ಕೈಗೆ ಒಂದೊಂದು ಕಡ್ಡಿ ಕೊಡಬಹುದಿತ್ತು.

ಬೇಕಾದ್ದಕ್ಕಿಂತ ಕಡಿಮೆ ಹೆಚ್ಚಿಸಿದರೆ ಅಂಚು ಸಾಲದೆ ಮೇಲೆದ್ದು ಟೋಪಿಯಾಗುತ್ತದೆ. ಗಣಿತದಲ್ಲಿ ಇದು ಧನ ವಕ್ರತೆ. ಹೆಚ್ಚಾದರೆ ಅಂಚಿಗೆ ಜಾಗ ಸಾಲದೆ ಅದು ಅತ್ತಿತ್ತ ಬಾಗಿ ನೆರಿಗೆಯಾಗುತ್ತದೆ; ಇದು ಋಣ ವಕ್ರತೆ. ಎರಡನೆಯದರ ಕಥೆ ಸೊಗಸಾಗಿದೆ. ಯೂಕ್ಲಿಡ್‌ನ ಸಮಾಂತರ ರೇಖೆಯ ನಿಯಮ ಒಪ್ಪದ ಜ್ಯಾಮಿತಿಯೊಂದು ಸಾಧ್ಯ ಎಂದು ಲೋಬಚೆವ್ಸ್ಕಿ ಮತ್ತು ಬೋಯೈ ಎಂಬ ಗಣಿತಜ್ಞರು 19ನೇ ಶತಮಾನದ ಮೊದಲ ಭಾಗದಲ್ಲೇ ತೋರಿಸಿದ್ದರು. ಆದರೆ ಆ ಮೇಲ್ಮೈಯನ್ನು ಕೈಯಲ್ಲಿ ಹಿಡಿದು ನೋಡುವುದು ಹೇಗೆ? ಕಾಗದದ ಪಟ್ಟಿ ಅಂಟಿಸಿ ಮಾಡಿದ ಮಾದರಿಗಳು ಮುಟ್ಟಿದರೆ ಹರಿಯುತ್ತಿದ್ದವು. 1997ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿದ್ದ ಲಾಟ್ವಿಯಾ ಮೂಲದ ಗಣಿತಜ್ಞೆ ದೈನಾ ತೈಮಿನಾ ಕ್ರೋಶಾ ಕಡ್ಡಿ ಹಿಡಿದರು. ಇಂತಿಷ್ಟು ಹೆಣಿಗೆಗೆ ಒಂದು ಹೆಚ್ಚಿಸು ಎಂಬ ಒಂದೇ ನಿಯಮ, ಎಲ್ಲ ಸಾಲಿಗೂ ಅದೇ ಅನುಪಾತ. ಹೊರಬಂದದ್ದು ಎಲೆಕೋಸಿನ ಅಂಚಿನಂತೆ ಸುರುಳಿಗಟ್ಟಿದ ಹೈಪರ್ಬಾಲಿಕ್ ಸಮತಲ. ಮಡಚಿ ನೋಡಿದರೆ ಅದರ ಮೇಲಿನ ಸರಳರೇಖೆಗಳೇ ಕಣ್ಣಿಗೆ ಕಾಣುತ್ತವೆ. ಎಷ್ಟು ದಾರ ತಿನ್ನುತ್ತದೆ ಎಂದು ಕೇಳಬೇಡಿ: ಹತ್ತು ಹೆಣಿಗೆಯಿಂದ ಶುರುಮಾಡಿ ಪ್ರತಿ ಸಾಲಿಗೆ ಇಮ್ಮಡಿ ಮಾಡುತ್ತಾ ಹೋದರೆ ಹತ್ತೇ ಹೆಚ್ಚಳದಲ್ಲಿ 10,240 ಹೆಣಿಗೆ.

ಇನ್ನು ನಮ್ಮ ಚೀಲ. ಚೌಕಗಳೆಲ್ಲ ಚಪ್ಪಟೆ, ಒಂದರಲ್ಲೂ ವಕ್ರತೆ ಇಲ್ಲ. ಹಾಗಾದರೆ ಚೀಲದ ಹೊಟ್ಟೆ ಎಲ್ಲಿಂದ ಬಂತು?

ತಳಕ್ಕೆ ಎರಡು ಚೌಕ ಅಕ್ಕಪಕ್ಕ ಇಡಿ. ಸುತ್ತಲೂ ಆರು ಚೌಕದ ಗೋಡೆ, ಅದರ ಮೇಲೆ ಇನ್ನಾರು. ಒಟ್ಟು ಹದಿನಾಲ್ಕು. ಆರು ಸುತ್ತಿನ ಚೌಕ ಸಾಧಾರಣ ಉಲ್ಲನ್‌ನಲ್ಲಿ ಸುಮಾರು 14 ಸೆಂಟಿಮೀಟರ್ ಬರುತ್ತದೆ, ಚೀಲ 28 ಸೆಂಟಿಮೀಟರ್ ಅಗಲ, ಅಷ್ಟೇ ಎತ್ತರ. ಈಗ ಹೊಲಿಗೆಗಳು ಸೇರುವ ಜಾಗಗಳನ್ನು ಒಂದೊಂದಾಗಿ ಬೆರಳಿಟ್ಟು ನೋಡಿ. ಗೋಡೆಯ ನಡುವೆ ಎಲ್ಲೆಡೆ ನಾಲ್ಕು ಮೂಲೆಗಳು ಕೂಡುತ್ತವೆ: ನಾಲ್ಕು ತೊಂಬತ್ತು, 360 ಡಿಗ್ರಿ, ಚಪ್ಪಟೆ. ತಳದ ನಾಲ್ಕು ಕೊನೆಗಳಲ್ಲಿ ಮಾತ್ರ ಮೂರೇ ಚೌಕ, 270 ಡಿಗ್ರಿ. ಒಂದೊಂದು ಕಡೆ 90 ಡಿಗ್ರಿ ಖೋತಾ, ನಾಲ್ಕು ಕಡೆ ಸೇರಿ 360. ಚೀಲ ಚೀಲವಾಗಿರುವುದು ಆ ನಾಲ್ಕು ಬಿಂದುಗಳಿಂದ.

ತಳವೇ ಬೇಡ ಎಂದು ಎರಡು ದೊಡ್ಡ ಹಾಳೆಗಳನ್ನು ಬೆನ್ನಿಗೆ ಬೆನ್ನು ಹೊಲಿದು ಚಪ್ಪಟೆ ಚೀಲ ಮಾಡಿದರೆ? ಆಗ ಕೆಳಗೆ ಎರಡೇ ಮೂಲೆ, ಪ್ರತಿಯೊಂದರಲ್ಲೂ ಎರಡು ತೊಂಬತ್ತು ಮಾತ್ರ. ಖೋತಾ 180, ಎರಡು ಸೇರಿ ಮತ್ತೆ 360. ದುಂಡು ತಳ ಹೆಣೆದು, ಹೆಚ್ಚಿಸುವುದನ್ನು ನಿಲ್ಲಿಸಿ ಗೋಡೆ ಎತ್ತಿದರೂ ಆ 360 ತಳದ ಅಂಚಿನ ಬಳೆಯಲ್ಲಿ ಹಂಚಿಹೋಗಿರುತ್ತದೆ. ಬಾಯಿ ಅಗಲವಾಗದೆ, ಕಿರಿದಾಗದೆ ನೆಟ್ಟಗೆ ಏಳುವ ಯಾವ ಚೀಲಕ್ಕೂ ಮೊತ್ತ ಇಷ್ಟೇ. ಮುಚ್ಚಿದ ಪೆಟ್ಟಿಗೆಗೆ ಎಂಟು ಮೂಲೆಯಿಂದ 720 ಡಿಗ್ರಿ ಖೋತಾ ಎಂಬುದನ್ನು ದೆಕಾರ್ತ್ 17ನೇ ಶತಮಾನದಲ್ಲೇ ಕಂಡುಕೊಂಡಿದ್ದ; ಬಾಗಿದ ಮೇಲ್ಮೈಗಳಿಗೂ ಅನ್ವಯಿಸುವ ಅದರ ದೊಡ್ಡ ರೂಪಕ್ಕೆ ಗಾಸ್ ಮತ್ತು ಬೊನೆ ಎಂಬುವರ ಹೆಸರಿದೆ. ಚೀಲ ಅರ್ಧ ಪೆಟ್ಟಿಗೆ, ಅದಕ್ಕೆ ಅರ್ಧ ಪಾಲು. ಒಳಗೆ ಆಲೂಗಡ್ಡೆ ತುಂಬಿದಾಗ ಚೂಪು ಮೂಲೆಗಳು ಮೊಂಡಾಗಿ ವಕ್ರತೆ ಅಕ್ಕಪಕ್ಕಕ್ಕೆ ಸರಿದುಕೊಳ್ಳುತ್ತದೆ, ಬಾಯಿ ನೆಟ್ಟಗಿರುವವರೆಗೆ ಒಟ್ಟು ಲೆಕ್ಕ ಕದಲುವುದಿಲ್ಲ. ಎಲ್ಲಾದರೂ ತಪ್ಪಿ ಒಂದು ಬಿಂದುವಿನಲ್ಲಿ ಐದು ಚೌಕ ಸೇರಿಸಿ ಹೊಲಿದರೆ ಅಲ್ಲಿ ಕುದುರೆಯ ಜೀನಿನ ಆಕಾರ ಎದ್ದು ಕೂರುತ್ತದೆ. ಎಷ್ಟು ಇಸ್ತ್ರಿ ಮಾಡಿದರೂ ಅದು ಹೋಗದು, ಹೊಲಿಗೆ ಬಿಚ್ಚುವುದೊಂದೇ ದಾರಿ.

ಬಿಚ್ಚುವ ಮಾತು ಬಂದಿದ್ದರಿಂದ ಇದನ್ನೂ ಹೇಳಬೇಕು. ಹದಿನಾಲ್ಕು ಚೌಕದಲ್ಲಿ 1,176 ಗುಂಪು, 3,528 ಕಂಬ. ಶುರುವಿನ ಕುಣಿಕೆ, ಬಣ್ಣ ಬದಲಿಸುವಾಗ ಹಾಕುವ ಗಂಟು ಬಿಟ್ಟರೆ ಈ ಕಂಬಗಳಲ್ಲಿ ಒಂದೂ ನಿಜವಾದ ಗಂಟಲ್ಲ. ಕುಣಿಕೆಯೊಳಗಿಂದ ಕುಣಿಕೆ ಎಳೆದದ್ದಷ್ಟೆ. ಕೊನೆಯ ಕುಣಿಕೆಯಿಂದ ಕಡ್ಡಿ ತೆಗೆದು ದಾರ ಜಗ್ಗಿದರೆ ಸರ್ರನೆ ಬಿಚ್ಚುತ್ತಾ ಉಂಗುರದವರೆಗೆ ಬರುತ್ತದೆ. ಬೇರೆಲ್ಲಿ ಎಳೆದರೂ ಬಿಚ್ಚದು. ಕಾರಣ ಘರ್ಷಣೆ. ದಾರ ಒಂದನ್ನೊಂದು ಸುತ್ತಿದಾಗ ಅದು ತಡೆಯುವ ಎಳೆತ ಕೂಡುತ್ತಾ ಹೋಗುವುದಿಲ್ಲ, ಗುಣಿಸುತ್ತಾ ಹೋಗುತ್ತದೆ. ಘರ್ಷಣೆಯ ಗುಣಾಂಕ 0.3 ಎಂದಿಟ್ಟುಕೊಂಡರೆ ಒಂದು ಪೂರ್ತಿ ಸುತ್ತಿಗೆ ಆರೂವರೆ ಪಟ್ಟು, ಎರಡಕ್ಕೆ ನಲವತ್ತಮೂರು ಪಟ್ಟು, ಮೂರಕ್ಕೆ ಇನ್ನೂರ ಎಂಬತ್ತು ದಾಟುತ್ತದೆ. ಅರಕಲಗೂಡು ತಾಲ್ಲೂಕಿನಲ್ಲಿ ಹೊಗೆಸೊಪ್ಪು ಬೇಯಿಸುವ ಮುನ್ನ ಎಲೆಗಳನ್ನು ಕಡ್ಡಿಗೆ ಪೋಣಿಸುವವರು ತೊಟ್ಟು ತೊಟ್ಟಿಗೂ ಗಂಟು ಹಾಕುತ್ತಾ ಕೂರುವುದಿಲ್ಲ; ದಾರದ ಸುತ್ತೇ ಹಿಡಿದುಕೊಳ್ಳುತ್ತದೆ, ಎಲೆಯ ಭಾರ ಅದನ್ನು ಇನ್ನಷ್ಟು ಬಿಗಿಮಾಡುತ್ತದೆ. ಚನ್ನರಾಯಪಟ್ಟಣದ ಕಡೆಯ ತೆಂಗಿನ ನಾರಿನ ಹಗ್ಗವೂ ಇದೇ ಜಾತಿ. ಗಿಡ್ಡ ಗಿಡ್ಡ ನಾರುಗಳು ಮಾರುದ್ದದ ಹಗ್ಗವಾಗಿ ಹೇಗೆ ನಿಲ್ಲುತ್ತವೆ ಎಂಬ ಪ್ರಶ್ನೆಯನ್ನು ಗೆಲಿಲಿಯೋ 1638ರ ತನ್ನ ಪುಸ್ತಕದಲ್ಲಿ ಚರ್ಚಿಸಿದ್ದಾನೆ.

ಹಾಸನದ ಜವಳಿ ವಲಯದಲ್ಲಿ 2 ಲಕ್ಷಕ್ಕೂ ಹೆಚ್ಚು ಕದಿರುಗಳ ನೂಲಿನ ಗಿರಣಿ ಇದೆ. ಆದರೆ ಗ್ರಾನಿ ಸ್ಕ್ವೇರ್ ಹೆಣೆಯುವ ಯಂತ್ರ ಅಲ್ಲಿಯೂ ಇಲ್ಲ, ಇನ್ನೆಲ್ಲಿಯೂ ಮಾರಾಟಕ್ಕಿಲ್ಲ. ಸ್ವೆಟರ್ ಹೆಣಿಗೆಗೆ ವಿಲಿಯಂ ಲೀ 1589ರಲ್ಲೇ ಯಂತ್ರ ಮಾಡಿದ. ಅಲ್ಲಿ ಕುಣಿಕೆಗಳೆಲ್ಲ ಸಾಲಾಗಿ ಸೂಜಿಗಳ ಮೇಲೆ ಕಾಯುತ್ತಿರುತ್ತವೆ. ಕ್ರೋಶಾದಲ್ಲಿ ಬದುಕಿರುವ ಕುಣಿಕೆ ಒಂದೇ, ಕೊಕ್ಕೆ ಮಾತ್ರ ಪ್ರತಿ ಸಲ ಹೆಣೆದು ಮುಗಿದ ಬಟ್ಟೆಯಲ್ಲಿ ಹೊಸ ಸಂದು ಹುಡುಕಿ ತೂರಬೇಕು. ಮೆತ್ತಗೆ ಜೋಲುವ ಬಟ್ಟೆಯಲ್ಲಿ ಆ ಸಂದು ಎಲ್ಲಿದೆ ಎಂದು ಬೆರಳಿಗೆ ಗೊತ್ತು, ಯಂತ್ರಕ್ಕೆ ಗೊತ್ತಿಲ್ಲ. ಜರ್ಮನಿಯಲ್ಲಿ ಸರಳ ಹೆಣಿಗೆಯ ಮಾದರಿ ಯಂತ್ರವೊಂದು ತಯಾರಾಗಿದೆ, ಕಾರ್ಖಾನೆಗೆ ಬರುವ ಹಂತಕ್ಕಲ್ಲ. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ ಗ್ರಾನಿ ಸ್ಕ್ವೇರ್ ಚೀಲದ ಹಿಂದೆಯೂ ಯಾರದೋ ಕೈ ಇದೆ. ಆ ಬೆಲೆಯಲ್ಲಿ ಆ ಕೈಗೆ ಎಷ್ಟು ಸಿಕ್ಕಿತು ಎಂದು 3,528 ಕಂಬ ಎಣಿಸಿದವರು ಯೋಚಿಸದೆ ಇರಲಾರರು.

ಫ್ಯಾನ್ಸಿ ಸ್ಟೋರಿನಲ್ಲಿ ‘ಉಲ್ಲನ್’ ಎಂದು ಕೊಡುವುದು ಬಹುಪಾಲು ಕುರಿಯ ಉಣ್ಣೆಯಲ್ಲ, ಅಕ್ರಿಲಿಕ್. ಹಾಸನದ ಹೆಸರಿನದೇ ಒಂದು ಕುರಿ ತಳಿ ಇದೆ, ಬಿಳಿ ಮೈಗೆ ಕಂದು ಅಥವಾ ಕಪ್ಪು ಚುಕ್ಕೆ, ಆದರೆ ಅದರ ಉಣ್ಣೆ ಕೂದಲಿನಷ್ಟು ಒರಟು. ಅಕ್ರಿಲಿಕ್ ಪೆಟ್ರೋಲಿಯಂ ಮೂಲದ ಅಕ್ರಿಲೋನೈಟ್ರೈಲ್‌ನಿಂದ ಬರುತ್ತದೆ. ಅದಕ್ಕೆ ಉಣ್ಣೆಯ ಉಬ್ಬು ಬರಿಸುವ ಉಪಾಯ ಜಾಣತನದ್ದು: ಕಾವಿಗೆ ಕುಗ್ಗುವ ಎಳೆಗಳನ್ನೂ ಕುಗ್ಗದ ಎಳೆಗಳನ್ನೂ ಬೆರೆಸಿ ನೂತು ಹಬೆ ತೋರಿಸುತ್ತಾರೆ. ಮೊದಲಿನವು ಕುಗ್ಗಿದಾಗ ಉಳಿದವು ಜಾಗವಿಲ್ಲದೆ ಡೊಂಕಾಗಿ ಹೊರಗೆ ಉಬ್ಬುತ್ತವೆ. ಅದೇ ಚೀಲದ ಮೇಲೆ ಬಿಸಿ ಇಸ್ತ್ರಿ ಪೆಟ್ಟಿಗೆ ಇಟ್ಟರೆ ಆ ಉಬ್ಬೆಲ್ಲ ಸತ್ತು ಬಟ್ಟೆ ಜೋಲುಬೀಳುತ್ತದೆ, ಮತ್ತೆ ಏಳುವುದಿಲ್ಲ.

ಈ ಅಕ್ರಿಲಿಕ್ ದಾರದ ಕಣ್ಣು ಕುಕ್ಕುವ ಗುಲಾಬಿ, ಗಿಳಿಹಸಿರಿಗೂ ಒಂದು ರಸಾಯನಶಾಸ್ತ್ರ ಇದೆ. 1856ರಲ್ಲಿ ಪರ್ಕಿನ್ ಎಂಬ ಹದಿನೆಂಟರ ಹುಡುಗ ಮಲೇರಿಯಾದ ಔಷಧಿ ಮಾಡಲು ಹೋಗಿ ನೇರಳೆ ಬಣ್ಣ ಮಾಡಿದ. ಅದು ಧನ ವಿದ್ಯುದಂಶದ ಬಣ್ಣಗಳ ಕುಲದ್ದು. ಆ ಕುಲದ ಬಣ್ಣಗಳು ರೇಷ್ಮೆ, ಉಣ್ಣೆಯ ಮೇಲೆ ಬಹಳ ಸೊಗಸು, ಬಿಸಿಲಿಗೆ ಬಹಳ ಬೇಗ ಮಾಸು. ಅಕ್ರಿಲಿಕ್ ಎಳೆಯಲ್ಲಿ ಋಣ ವಿದ್ಯುದಂಶದ ತಾಣಗಳಿವೆ, ಬಣ್ಣದ ಕಣ ಅಲ್ಲಿ ಕಚ್ಚಿಕೊಂಡು ಕೂರುತ್ತದೆ, ಬಿಸಿಲಿಗೂ ತಡೆಯುತ್ತದೆ. ಇದರ ಬೆಲೆ ತೆರುವುದು ಒಗೆಯುವಾಗ. ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ 6 ಕಿಲೋ ಅಕ್ರಿಲಿಕ್ ಬಟ್ಟೆಯನ್ನು ಒಮ್ಮೆ ಯಂತ್ರದಲ್ಲಿ ಒಗೆದರೆ 7 ಲಕ್ಷಕ್ಕೂ ಹೆಚ್ಚು ಸೂಕ್ಷ್ಮ ಎಳೆಗಳು ಉದುರಬಹುದು. ಹೊಳೆನರಸೀಪುರದ ಚರಂಡಿ ನೀರು ಹೇಮಾವತಿ ಸೇರಿದರೆ ಅವು ಕನ್ನಂಬಾಡಿಯ ಹಿನ್ನೀರಿಗೂ ಹೋಗುತ್ತವೆ. ಚೀಲವನ್ನು ಪದೇ ಪದೇ ಒಗೆಯದೆ ಕೊಡವಿ ಬಿಸಿಲಿಗೆ ಹಾಕುವುದು ಸೋಮಾರಿತನವೇನಲ್ಲ. ಹತ್ತಿ ನೂಲಿನಲ್ಲಿ ಹೆಣೆದರೆ ಈ ತೊಂದರೆ ಇಲ್ಲ, ಚೀಲ ಮಾತ್ರ ಖಾಲಿ ಇದ್ದಾಗಲೇ ಭಾರ.

ಚೀಲ ಸೋಲುವ ಜಾಗ ಹೆಗಲ ಪಟ್ಟಿ. ಕ್ರೋಶಾ ಬಟ್ಟೆ ಹಿಗ್ಗುವಾಗ ದಾರ ಹಿಗ್ಗುವುದು ಅತ್ಯಲ್ಪ, ಕುಣಿಕೆಗಳು ಆಕಾರ ಬದಲಿಸುತ್ತವೆ: ದುಂಡಗಿದ್ದದ್ದು ನೀಳವಾಗುತ್ತದೆ. ನೀಳವಾದಷ್ಟೂ ಪಟ್ಟಿ ಕಿರಿದಾಗುತ್ತದೆ. ಐದು ಸೆಂಟಿಮೀಟರ್ ಅಗಲ ಹೆಣೆದದ್ದು ಸುಲಿದ ನಾಲ್ಕೈದು ತೆಂಗಿನಕಾಯಿ ತುಂಬಿದಾಗ ಮೂರಕ್ಕೆ ಇಳಿದು ಹೆಗಲನ್ನು ಕೊರೆಯುತ್ತದೆ. ಭಾರ ಅಷ್ಟೇ, ಒತ್ತುವ ಜಾಗ ಕಡಿಮೆ. ಪಟ್ಟಿಯನ್ನು ಅಡ್ಡಡ್ಡ ಗಿಡ್ಡ ಸಾಲುಗಳಲ್ಲಿ ಹೆಣೆಯುವುದಕ್ಕಿಂತ, ಉದ್ದನೆಯ ಚೈನ್ ಹಾಕಿ ಉದ್ದಕ್ಕೇ ಗಿಡ್ಡ ಹೆಣಿಗೆ ಹಾಕಿದರೆ ಎಳೆತದ ದಿಕ್ಕಿನಲ್ಲೇ ಚೈನಿನ ಗೆರೆಗಳು ಬಿದ್ದು ಒಮ್ಮೆ ಬಿಗಿಯಾದ ಮೇಲೆ ಅಲ್ಲಿಗೇ ನಿಲ್ಲುತ್ತವೆ. ಆ ಪಟ್ಟಿಯನ್ನು ಚೀಲದ ಬಾಯಿಗೆ ಹೊಲಿದು ಬಿಡಬಾರದು. ಬಾಯಿಯ ಅಂಚಿನಲ್ಲಿ ಇರುವುದು ಮೂರು ಕಂಬಕ್ಕೊಂದು ಕಿಂಡಿ, ಎಲ್ಲ ಭಾರವೂ ಎರಡು ಕಿಂಡಿಗಳ ಮೇಲೆ ಬೀಳುತ್ತದೆ. ಪಕ್ಕದ ಗೋಡೆಯ ಗುಂಟ ಕೆಳಗಿಳಿಸಿ, ತಳದ ಎರಡೂ ಚೌಕಗಳ ಅಡಿಯಿಂದ ಹಾಯಿಸಿ, ಇನ್ನೊಂದು ಪಕ್ಕದಲ್ಲಿ ಮೇಲೆ ತಂದು ಹೊಲಿದರೆ ತೆಂಗಿನಕಾಯಿ ಕೂರುವುದು ಪಟ್ಟಿಯ ಮೇಲೆ. ಚೌಕಗಳಿಗೆ ಉಳಿಯುವ ಕೆಲಸ ಅವು ಉರುಳಿ ಹೊರಗೆ ಬೀಳದಂತೆ ತಡೆಯುವುದಷ್ಟೆ, ಅಷ್ಟನ್ನು ಅವು ಸಲೀಸಾಗಿ ಮಾಡುತ್ತವೆ.