ಕೌಶಲವೋ ಅದೃಷ್ಟವೋ, ಗಡಿಯಾರವನ್ನು ಕೇಳಿ

ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಮಸೂದೆಗೆ ಸಂಸತ್ತು 2025ರ ಆಗಸ್ಟ್‌ನಲ್ಲಿ ಒಪ್ಪಿಗೆ ನೀಡಿತು. ಅದೇ ವಾರ ಚಿತ್ರದುರ್ಗದ ಶಾಸಕ ಕೆ.ಸಿ. ವೀರೇಂದ್ರ ಅವರನ್ನು ಅಕ್ರಮ ಬೆಟ್ಟಿಂಗ್ ಆರೋಪದ ಪ್ರಕರಣದಲ್ಲಿ ಜಾರಿ ನಿರ್ದೇಶನಾಲಯ ಬಂಧಿಸಿತು. ಆರೋಪದ ಸತ್ಯಾಸತ್ಯತೆಯನ್ನು ನಿರ್ಣಯಿಸಬೇಕಾದುದು ನ್ಯಾಯಾಲಯ. ಆದರೆ ಯುಗಾದಿಯ ಇಸ್ಪೀಟನ್ನಷ್ಟೇ ಬಲ್ಲ ದುರ್ಗದ ಸೀಮೆಯಲ್ಲೂ ಕ್ಯಾಸಿನೊ ಈಗ ಚರ್ಚೆಯ ವಸ್ತು.

ಕೌಶಲದ ಸ್ಪರ್ಧೆ ಜೂಜಲ್ಲ ಎಂಬ ತತ್ವವನ್ನು ಸುಪ್ರೀಂ ಕೋರ್ಟ್ 1957ರಲ್ಲಿ ಎತ್ತಿಹಿಡಿದದ್ದು, ಬೆಂಗಳೂರಿನಿಂದ ಹೊರಡುತ್ತಿದ್ದ ಪತ್ರಿಕೆಯೊಂದರ ಪದಬಂಧ ಸ್ಪರ್ಧೆಯ ಪ್ರಕರಣದಲ್ಲಿ. ರಾಜ್ಯದ 2021ರ ಪೊಲೀಸ್ ಕಾಯ್ದೆ ತಿದ್ದುಪಡಿಯ ಮುಖ್ಯಾಂಶಗಳನ್ನು ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ರದ್ದುಪಡಿಸಿದಾಗಲೂ ಇದೇ ಭೇದ ಮುಖ್ಯವಾಗಿತ್ತು. 2025ರ ಕಾಯ್ದೆ ಅದನ್ನು ಬದಿಗಿಟ್ಟಿತು. ಎರಡೂ ಪಕ್ಷಗಳು ಕೇಳದೆ ಬಿಟ್ಟ ಪ್ರಶ್ನೆಯೊಂದಿದೆ: ಆಟದ ವೇಗವನ್ನು ನಿರ್ಧರಿಸುವವರು ಯಾರು?

ಪೋಕರ್‌ನಲ್ಲಿ ಎಲೆ ನೋಡುವ ಮೊದಲೇ ಇಬ್ಬರು ಸರದಿಯಂತೆ ಕಡ್ಡಾಯವಾಗಿ ಕಟ್ಟುವ ಪಣಕ್ಕೆ ‘ಬ್ಲೈಂಡ್’ ಎನ್ನುತ್ತಾರೆ. ಪಂದ್ಯಾವಳಿಯಲ್ಲಿ ಇದು ನಿಗದಿತ ಅವಧಿಗೊಮ್ಮೆ ಏರುತ್ತದೆ. ಆಟಗಾರನ ಬಳಿ ಹತ್ತು ಸಾವಿರ ಬಿಲ್ಲೆಗಳಿದ್ದು, ದೊಡ್ಡ ಬ್ಲೈಂಡ್ ನೂರು ಎಂದಿಟ್ಟುಕೊಳ್ಳೋಣ. ನಾಲ್ಕು ಬಾರಿ ಇಮ್ಮಡಿಯಾದರೆ ಅದು 1,600. ಆಗ ಅವನ ಬಂಡವಾಳ ಆರು ಬ್ಲೈಂಡ್‌ಗಳಿಗಷ್ಟೇ ಸಾಕು. ಎಲ್ಲವನ್ನೂ ಪಣಕ್ಕಿಡುವುದು ಅಥವಾ ಎಲೆ ಕೆಳಗಿಡುವುದು, ಇವೆರಡರ ಹೊರತು ಜಾಣ್ಮೆಗೆ ಎಡೆಯಿಲ್ಲ.

ಕ್ಯಾಸಿನೊದಲ್ಲಿ ಮನುಷ್ಯನೇ ಎಲೆ ಕಲೆಸಿ ಹಂಚಬೇಕು. ಗಂಟೆಗೆ ಸುಮಾರು ಮೂವತ್ತು ಆಟ. ಅರ್ಧ ಗಂಟೆಗೊಮ್ಮೆ ಬ್ಲೈಂಡ್ ಏರಿದರೆ ಈ ಸ್ಥಿತಿಗೆ ತಲುಪುವ ಮುನ್ನ ಅರವತ್ತು ಆಟ ಸಿಗುತ್ತವೆ. ಆನ್‌ಲೈನ್‌ನಲ್ಲಿ ಯಂತ್ರ ಗಂಟೆಗೆ ಅರವತ್ತು ಆಟ ಹಂಚಿದರೂ, ಐದು ನಿಮಿಷಕ್ಕೊಮ್ಮೆ ಬ್ಲೈಂಡ್ ಏರುವ ಪಂದ್ಯದಲ್ಲಿ ಸಿಗುವುದು ಇಪ್ಪತ್ತೇ.

ಕ್ಯಾಸಿನೊಗೆ ಮೇಜು, ಜಾಗ, ಸಿಬ್ಬಂದಿ ವೇತನದ ಹೊರೆಯಿದೆ. ಆದ್ದರಿಂದ ಅಲ್ಲೂ ಸಣ್ಣ ಪಂದ್ಯಗಳನ್ನು ಒಂದೇ ರಾತ್ರಿಯಲ್ಲಿ ಮುಗಿಸುವ ಅವಸರವಿರುತ್ತದೆ. ಆನ್‌ಲೈನ್ ಸಂಸ್ಥೆಗೆ ಆ ಹೊರೆಯಿಲ್ಲ. ಅದರ ಆದಾಯ ಪ್ರತಿ ಪ್ರವೇಶದ ಶುಲ್ಕ. ಪಂದ್ಯ ಬೇಗ ಮುಗಿದಷ್ಟೂ ಮುಂದಿನ ಪ್ರವೇಶ ಹತ್ತಿರ. ಲಾಸ್ ವೇಗಸ್‌ನ ವಿಶ್ವ ಸರಣಿಯ ಮುಖ್ಯ ಪಂದ್ಯದಲ್ಲಿ ಒಂದೊಂದು ಹಂತ ಎರಡು ಗಂಟೆಯದು. ನಿಯಮ ಒಂದೇ, ಕೌಶಲದ ಪಾಲು ಮಾತ್ರ ಬೇರೆ.

ಹಾಗಾಗಿ ‘ಪೋಕರ್ ಕೌಶಲದ ಆಟ’ ಎಂಬ ವಾದ ಅರ್ಧಸತ್ಯ. ಮುಂದೆಂದಾದರೂ ಸರ್ಕಾರ ನಿಷೇಧದಿಂದ ನಿಯಂತ್ರಣದತ್ತ ಹೊರಳಿದರೆ, ಆಟದ ಹೆಸರನ್ನಲ್ಲ, ಬ್ಲೈಂಡ್ ಏರುವ ಅವಧಿಯನ್ನೂ ಶುಲ್ಕವನ್ನೂ ಪರಿಶೀಲಿಸಲಿ. ಹಳ್ಳಿಯ ಕಟ್ಟೆಯ ಮೇಲೆ ಇಸ್ಪೀಟಾಡುವವರು ಗಡಿಯಾರ ನೋಡಿ ಪಣ ಏರಿಸುವುದಿಲ್ಲ. ಮೊಬೈಲಿನಲ್ಲಿ ಆಡುವ ಹುಡುಗನಿಗಾದರೋ ಆ ಗಡಿಯಾರ ಯಾರದೆಂಬುದೂ ತಿಳಿಯದು.