ಚಂದಮಾಮನನ್ನು ಕ್ಯಾಮೆರಾದಲ್ಲಿ ಹಿಡಿಯೋಣ ಬನ್ನಿ!

ಹುಣ್ಣಿಮೆ ರಾತ್ರಿ ಮಾಳಿಗೆ ಮೇಲೆ ನಿಂತು ನೋಡಿದರೆ ಬೆಳ್ಳಿ ತಟ್ಟೆಯಂಥ ಚಂದ್ರ. ಅದೇ ಚಂದ್ರನ ಫೋಟೊ ತೆಗೆದು ನೋಡಿದರೆ...? ಕರಿ ಹಲಗೆಗೆ ಸುಣ್ಣದ ಚುಕ್ಕೆ ಇಟ್ಟ ಹಾಗೆ! ಮೊಲವೂ ಇಲ್ಲ, ಮಚ್ಚೆಯೂ ಇಲ್ಲ. ‘ಅದಕ್ಕೆಲ್ಲ ದೊಡ್ಡ ಕ್ಯಾಮೆರಾ ಬೇಕು ಬಿಡು’ ಅಂತ ಮನೆಯವರು ಅಂದಿರುತ್ತಾರೆ. ನೀವೂ ಹೌದೆಂದುಕೊಂಡು ಕೆಳಗಿಳಿದು ಕುಕ್ಕರ್ ಇಟ್ಟಿರುತ್ತೀರಿ.

ದೊಡ್ಡ ಕ್ಯಾಮೆರಾ ಇರುವ ಮನೆಯಲ್ಲೂ ಫೋಟೊ ಹೀಗೇ ಬರುತ್ತದೆ ನೋಡಿ! ಎಷ್ಟೋ ಮನೆಗಳ ಕಪಾಟಿನಲ್ಲಿ ಒಂದು ಡಿಎಸ್‌ಎಲ್‌ಆರ್ ಮಲಗಿದೆ. ನಾದಿನಿ ಮದುವೆಗೋ ಮಗಳ ಹುಟ್ಟುಹಬ್ಬಕ್ಕೋ ಕೊಂಡದ್ದು. ಜೊತೆಗೆ ಒಂದು ಉದ್ದನೆಯ ಲೆನ್ಸೂ ಬಂದಿತ್ತು. ಮೊಬೈಲ್ ಬಂದ ಮೇಲೆ ಎರಡನ್ನೂ ಕೇಳುವವರಿಲ್ಲ. ಆಲ್ಬಂ ತುಂಬ ನೀವಿದ್ದೀರಿ, ನಿಜ. ಆದರೆ ಆ ಕ್ಯಾಮೆರಾದ ಹಿಂದೆ ನೀವು ನಿಂತದ್ದು ಎಷ್ಟು ಸಲ? ‘ಅದರ ಬಟನ್ ನಿನಗೆ ತಿಳಿಯೋದಿಲ್ಲ’ ಅನ್ನುವ ಮಾತಿಗೆ ಸೋತು ಬಿಟ್ಟವರೇ ಹೆಚ್ಚು. ಕಲಿಯಲು ಚಂದ್ರನಷ್ಟು ಒಳ್ಳೆಯ ಪಾಠ ಬೇರೆ ಇಲ್ಲ. ಅವನು ‘ಬೇಗ ತೆಗಿ’ ಅಂತ ಗಡಿಬಿಡಿ ಮಾಡುವುದಿಲ್ಲ, ನೂರು ಸಲ ತೆಗೆದರೂ ಮುಖ ತಿರುಗಿಸುವುದಿಲ್ಲ.

ಬಿಳಿ ಚುಕ್ಕೆ ಯಾಕಾಗುತ್ತದೆ?

ಕ್ಯಾಮೆರಾ ಆಟೊದಲ್ಲಿದ್ದಾಗ ಇಡೀ ಚೌಕಟ್ಟನ್ನು ನೋಡಿ ಬೆಳಕಿನ ಲೆಕ್ಕ ಹಾಕುತ್ತದೆ. ಚೌಕಟ್ಟಿನ ತುಂಬ ಕಪ್ಪು ಆಕಾಶ. ‘ಅಯ್ಯೋ, ಎಷ್ಟು ಕತ್ತಲೆ!’ ಅಂತ ಅದು ಬೆಳಕನ್ನು ಹೆಚ್ಚು ಹೊತ್ತು ಒಳಗೆ ಬಿಡುತ್ತದೆ. ಪಾಪ, ಚಂದ್ರ ಉಕ್ಕಿದ ಹಾಲಿನಂತೆ ಹರಡಿ ಬೆಳ್ಳಗಾಗುತ್ತಾನೆ.

ಇಲ್ಲಿ ನೆನಪಿಡಬೇಕಾದ್ದು ಒಂದೇ ಮಾತು. ರಾತ್ರಿ ಇರುವುದು ನಮಗೆ, ಚಂದ್ರನಿಗಲ್ಲ. ನಮಗೆ ಕಾಣುವ ಅವನ ಮುಖದ ಮೇಲೆ ಬಿದ್ದಿರುವುದು ಹಗಲಿನ ಬಿಸಿಲು. ಬಿಸಿಲಲ್ಲಿ ಬಿದ್ದ ಕಲ್ಲಿನ ಫೋಟೊ ತೆಗೆಯುತ್ತಿದ್ದೇನೆ ಅಂದುಕೊಳ್ಳಿ, ಅರ್ಧ ಕೆಲಸ ಮುಗಿಯಿತು. ಇನ್ನೊಂದು ತಮಾಷೆ ಗೊತ್ತೇ? ನಮಗೆ ಹಾಲಿನಂತೆ ಕಾಣುವ ಆ ನೆಲ ನಿಜಕ್ಕೂ ಹಳೆಯ ಡಾಂಬರು ರಸ್ತೆಯಷ್ಟು ಕಪ್ಪು. ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 12 ಪಾಲನ್ನಷ್ಟೇ ಅದು ಹಿಂದಕ್ಕೆ ಕಳಿಸುತ್ತದೆ.

ಅಳತೆ ಹೀಗಿರಲಿ

ಕ್ಯಾಮೆರಾದ ಮೇಲಿನ ಚಕ್ರವನ್ನು ‘ಎಂ’ ಅಂದರೆ ಮ್ಯಾನುಯಲ್‌ಗೆ ತಿರುಗಿಸಿ. ಹೆದರಬೇಡಿ, ಏನೂ ಕೆಡುವುದಿಲ್ಲ! ಒಗ್ಗರಣೆಗೆ ಸಾಸಿವೆ, ಜೀರಿಗೆ, ಕರಿಬೇವು ಇದ್ದಂತೆ ಇಲ್ಲಿಯೂ ಮೂರೇ ಸಾಮಾನು.

ಹುಣ್ಣಿಮೆ ಚಂದ್ರನಿಗೆ: ಐಎಸ್‌ಒ 200, ಅಪರ್ಚರ್ ಎಫ್ 8, ಶಟರ್ ಸ್ಪೀಡ್ ಸೆಕೆಂಡಿನ 1/400.

ಅರ್ಧ ಚಂದ್ರನಿಗೆ: ಐಎಸ್‌ಒ 200, ಎಫ್ 8, ಶಟರ್ 1/100.

ಇದು ಶುರುವಿನ ಅಳತೆ ಅಷ್ಟೆ. ಚಿತ್ರ ತೆಗೆದು ದೊಡ್ಡದು ಮಾಡಿ ನೋಡಿ. ಬೆಳ್ಳಗಾಗಿದ್ದರೆ ಶಟರ್ ಇನ್ನಷ್ಟು ವೇಗ ಮಾಡಿ, ಮಂಕಾಗಿದ್ದರೆ ನಿಧಾನ ಮಾಡಿ. ಉಪ್ಪು ನೋಡಿ ಹಾಕುವ ಕೈಗೆ ಇದನ್ನು ಹೇಳಿಕೊಡಬೇಕೇ?

ಎಷ್ಟು ಉದ್ದದ ಲೆನ್ಸ್ ಬೇಕು?

ಕೈ ಪೂರ್ತಿ ಚಾಚಿ ಒಂದು ತೊಗರಿ ಕಾಳು ಹಿಡಿದು ನೋಡಿ. ಚಂದ್ರ ಅಷ್ಟೇ ದೊಡ್ಡವನು! ಮೂಡುವಾಗ ದೊಡ್ಡ ಪರಾತದಂತೆ ಕಾಣುವುದು ಕಣ್ಣಿನ ಭ್ರಮೆ. ನೆತ್ತಿಗೆ ಬಂದಾಗಲೂ ಅದೇ ಕಾಳಿನಿಂದ ಅಳೆದು ನೋಡಿ, ಬದಲಾವಣೆ ಇರುವುದಿಲ್ಲ.

ಲೆನ್ಸ್ ಮೇಲೆ ಬರೆದ ಮಿ.ಮೀ. ಸಂಖ್ಯೆಯನ್ನು 100ರಿಂದ ಭಾಗಿಸಿ. ಕ್ಯಾಮೆರಾ ಒಳಗೆ ಚಂದ್ರನ ಬಿಂಬ ಹೆಚ್ಚುಕಡಿಮೆ ಅಷ್ಟು ಮಿ.ಮೀ. ಬೀಳುತ್ತದೆ. ಕ್ಯಾಮೆರಾ ಜೊತೆ ಬರುವ ಪುಟ್ಟ 18-55 ಲೆನ್ಸಿನಲ್ಲಿ ಅರ್ಧ ಮಿ.ಮೀ., 300ರ ಲೆನ್ಸಿನಲ್ಲಿ ಸುಮಾರು 3 ಮಿ.ಮೀ. ಹಾಗಾಗಿ 55-250 ಅಥವಾ 70-300 ಇದ್ದರೆ ಸಾಕು, ಆಮೇಲೆ ಕಂಪ್ಯೂಟರಿನಲ್ಲಿ ಅಂಚು ಕತ್ತರಿಸಿದರಾಯಿತು. ಲೆನ್ಸ್ ಬದಲಿಸುವ ರಗಳೆಯೇ ಬೇಡ ಅನ್ನುವವರಿಗೆ ಝೂಮ್ ಅಂಟಿಕೊಂಡೇ ಬರುವ ಕ್ಯಾಮೆರಾಗಳಿವೆ. 2015ರಲ್ಲಿ ಬಂದ ನಿಕಾನ್ ಪಿ900ರ ಝೂಮ್ 83 ಪಟ್ಟು. ಪೂರ್ತಿ ಎಳೆದರೆ ಚೌಕಟ್ಟಿನ ಮುಕ್ಕಾಲು ಎತ್ತರ ಚಂದ್ರನೇ ತುಂಬುತ್ತಾನೆ! ಹಾಗಂತ ಇದಕ್ಕಾಗಿಯೇ ಸಾವಿರಾರು ರೂಪಾಯಿ ಸುರಿಯಬೇಡಿ. ಮೊದಲು ಕಪಾಟು ತೆರೆಯಿರಿ, ಇಲ್ಲವಾದರೆ ತಮ್ಮನದೋ ಭಾವನದೋ ಕೇಳಿ ತನ್ನಿ.

ಮೊಬೈಲ್ ಸಾಲದೇ ಅಂತೀರಾ? ಕೆಲವು ಮೊಬೈಲ್‌ಗಳು ಚಂದ್ರನನ್ನು ಗುರುತಿಸಿ, ಇಲ್ಲದ ವಿವರವನ್ನು ತಾವೇ ತುಂಬುತ್ತವೆ. 2023ರಲ್ಲಿ ಸ್ಯಾಮ್‌ಸಂಗ್ ಫೋನ್‌ಗಳ ಬಗ್ಗೆ ಇದೇ ದೊಡ್ಡ ಚರ್ಚೆಯಾಗಿತ್ತು. ಮಸುಕು ಮಾಡಿದ ಚಂದ್ರನ ಚಿತ್ರವನ್ನು ಕಂಪ್ಯೂಟರ್ ಪರದೆ ಮೇಲಿಟ್ಟು ತೆಗೆದರೂ ಫೋನಿನಲ್ಲಿ ಕುಳಿಗಳು ಮೂಡಿದ್ದವು! ಬೇಕರಿಯಿಂದ ತಂದ ಹೋಳಿಗೆ ರುಚಿಯಾಗೇ ಇರಬಹುದು, ಆದರೆ ‘ನಾನೇ ಮಾಡಿದ್ದು’ ಅನ್ನಲು ಬರುತ್ತದೆಯೇ?

ಅಲುಗಾಡದಿರಲಿ

ಉದ್ದ ಲೆನ್ಸಿನಲ್ಲಿ ಕೈ ಕೂದಲೆಳೆಯಷ್ಟು ನಡುಗಿದರೂ ಚಂದ್ರ ಮಸುಕು. ಟ್ರೈಪಾಡ್ ಇಲ್ಲವೇ? ಒಂದು ಬಟ್ಟೆ ಚೀಲಕ್ಕೆ ಎರಡು ಕಿಲೋ ಜೋಳ ತುಂಬಿ ಬಾಯಿ ಕಟ್ಟಿ. ಮಾಳಿಗೆಯ ಗಟ್ಟಿಮುಟ್ಟಾದ, ಅಗಲ ಗೋಡೆಯ ಮೇಲಿಟ್ಟು ಲೆನ್ಸನ್ನು ಅದರಲ್ಲಿ ಕೂರಿಸಿ. ಕ್ಯಾಮೆರಾದ ಪಟ್ಟಿಯನ್ನು ಕೊರಳಿಗೆ ಹಾಕಿಕೊಳ್ಳುವುದನ್ನು ಮರೆಯಬೇಡಿ. ಬಟನ್ ಒತ್ತುವಾಗಿನ ಅಲುಗಾಟ ತಪ್ಪಿಸಲು 2 ಸೆಕೆಂಡ್ ಟೈಮರ್ ಇಡಿ. ಟ್ರೈಪಾಡ್ ಮೇಲಿದ್ದಾಗ ಲೆನ್ಸಿನ ಅಲುಗಾಟ ತಡೆಯುವ ಗುಂಡಿಯನ್ನು ಆಫ್ ಮಾಡಿ. ಫೋಕಸ್‌ಗೆ ಚಂದ್ರನ ಅಂಚನ್ನು ಹಿಡಿಯಿರಿ. ಒಮ್ಮೆ ಸರಿಯಾದ ಮೇಲೆ ಮ್ಯಾನುಯಲ್ ಫೋಕಸ್‌ಗೆ ಬದಲಿಸಿದರೆ ಅದು ಅಲ್ಲೇ ನಿಲ್ಲುತ್ತದೆ.

ನಮ್ಮ ವಿಜಯಪುರದ ಬೇಸಿಗೆಯಲ್ಲಿ ಇನ್ನೊಂದು ತೊಂದರೆ. ಹಗಲೆಲ್ಲ ಕಾದ ಸಿಮೆಂಟ್ ಮಾಳಿಗೆ ಸಂಜೆ ಬಿಸಿ ಉಗುಳುತ್ತದೆ. ಆ ಬಿಸಿಗಾಳಿಯಲ್ಲಿ ಚಂದ್ರ ನೀರಿನಲ್ಲಿದ್ದಂತೆ ಕುಣಿಯುತ್ತಾನೆ. ಊಟ, ಪಾತ್ರೆ ಎಲ್ಲ ಮುಗಿಸಿ ನೆಲ ತಣ್ಣಗಾದ ಮೇಲೆ ಹತ್ತಿ. ಕಿಟಕಿ ಗಾಜಿನ ಒಳಗಿಂದಂತೂ ಬೇಡವೇ ಬೇಡ.

ಹುಣ್ಣಿಮೆಗಿಂತ ಅಷ್ಟಮಿ ಚೆಂದ

ಬೆಳಿಗ್ಗೆ ಬಾಗಿಲಿಂದ ಓರೆ ಬಿಸಿಲು ಬಿದ್ದಾಗ ಗುಡಿಸಿದ ನೆಲದ ಮೇಲೂ ಧೂಳು ಕಾಣುತ್ತದಲ್ಲವೇ? ಚಂದ್ರನ ಕಥೆಯೂ ಅದೇ. ಹುಣ್ಣಿಮೆ ದಿನ ಬಿಸಿಲು ನೇರವಾಗಿ ಬೀಳುವುದರಿಂದ ನೆರಳಿಲ್ಲ, ಕುಳಿಗಳು ಅಡಗಿಬಿಡುತ್ತವೆ. ಅರ್ಧ ಚಂದ್ರನ ಮೇಲೆ, ಬೆಳಕು-ಕತ್ತಲೆ ಕೂಡುವ ಗೆರೆಯ ಹತ್ತಿರ, ಬಿಸಿಲು ಓರೆಯಾಗಿರುತ್ತದೆ. ಅಲ್ಲಿ ಒಂದೊಂದು ಕುಳಿಯೂ, ಬೆಟ್ಟವೂ ಎದ್ದು ಕಾಣುತ್ತದೆ. ಅದಕ್ಕೇ ಶುಕ್ಲ ಪಕ್ಷದ ಷಷ್ಠಿಯಿಂದ ದಶಮಿವರೆಗಿನ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಆ ದಿನಗಳಲ್ಲಿ ಸೂರ್ಯ ಮುಳುಗುವಷ್ಟರಲ್ಲೇ ಚಂದ್ರ ಮೇಲೆ ಬಂದಿರುತ್ತಾನೆ. ನಿದ್ದೆಗೆಟ್ಟು ಕಾಯುವ ಕೆಲಸವೂ ಇಲ್ಲ.

ಮಕ್ಕಳನ್ನು ಪಕ್ಕಕ್ಕೆ ಕೂರಿಸಿಕೊಂಡು ಚಿತ್ರ ತೋರಿಸಿ. ಮೊಲವೆನ್ನುವ ಆ ಕಪ್ಪು ಕಲೆಗಳು ಹಿಂದೆ ಲಾವಾ ಹರಿದು ಹೆಪ್ಪುಗಟ್ಟಿದ ಬಯಲುಗಳು. ಅವುಗಳಲ್ಲಿ ಒಂದರಲ್ಲೇ 1969ರ ಜುಲೈ 20ರಂದು ಮನುಷ್ಯ ಮೊದಲು ಇಳಿದದ್ದು. ದಕ್ಷಿಣ ತುದಿಯ ಕಡೆ 2023ರ ಆಗಸ್ಟ್ 23ರಂದು ನಮ್ಮ ಚಂದ್ರಯಾನ-3 ಇಳಿಯಿತು. ಪಾಠದ ಪುಸ್ತಕದಲ್ಲಿ ಓದಿದ್ದು ಅಮ್ಮ ತೆಗೆದ ಚಿತ್ರದಲ್ಲಿ ಸಿಕ್ಕರೆ ಅವರಿಗೂ ಖುಷಿ!

ಭೂತನಾಳಕ್ಕೆ ಹೋಗುವುದಾದರೆ

ಬರೀ ಚಂದ್ರನ ಫೋಟೊಗೆ ಊರು ಬಿಟ್ಟು ಹೋಗಬೇಕಿಲ್ಲ. ಬೀದಿ ದೀಪಗಳು ಅವನನ್ನು ಮಂಕು ಮಾಡಲಾರವು. ಆದರೆ ಚಂದ್ರನ ಜೊತೆ ನೀರು, ಗಿಡ, ದಿಗಂತವೂ ಬೇಕೆಂದರೆ ಬಯಲಿಗೇ ಹೋಗಬೇಕು. ನಮ್ಮೂರಿಗೆ ಕುಡಿಯುವ ನೀರು ಕೊಟ್ಟ ಭೂತನಾಳ ಕೆರೆಯಂಥ ಜಾಗ ಇದಕ್ಕೆ ಹೇಳಿ ಮಾಡಿಸಿದ್ದು.

ಹೋಗುವ ದಿನ ಯಾವುದು? ಹುಣ್ಣಿಮೆಯ ಹಿಂದಿನ ದಿನ! ಅಂದು ಚಂದ್ರ ಸೂರ್ಯಾಸ್ತಕ್ಕೂ ಸ್ವಲ್ಪ ಮೊದಲೇ ಮೂಡಿರುತ್ತಾನೆ. ನೆಲದ ಮೇಲೆ ಇನ್ನೂ ಬೆಳಕಿರುವುದರಿಂದ ಕೆರೆಯೂ ಕಾಣುತ್ತದೆ, ಚಂದ್ರನೂ ಕಾಣುತ್ತಾನೆ. ಮರುದಿನದಿಂದ ಚಂದ್ರ ಸರಾಸರಿ 50 ನಿಮಿಷ ತಡವಾಗಿ ಬರುತ್ತಾ ಹೋಗುತ್ತಾನೆ. ಸಂಕಷ್ಟಿ ಉಪವಾಸ ಮಾಡಿ ಕಾದವರಿಗೆ ಇದು ಚೆನ್ನಾಗಿ ಗೊತ್ತು!

ದಿಕ್ಕನ್ನೂ ನೋಡಿಕೊಳ್ಳಿ. ಕಾರ ಹುಣ್ಣಿಮೆ ಚಂದ್ರ ಆಗ್ನೇಯಕ್ಕೆ ಸರಿದು ಮೂಡುತ್ತಾನೆ, ಬನದ ಹುಣ್ಣಿಮೆಯವನು ಈಶಾನ್ಯಕ್ಕೆ. ಮಳೆ ತೊಳೆದ ಆಕಾಶ ಬೇಕೆಂದರೆ ಶೀಗಿ ಹುಣ್ಣಿಮೆಯ ಹೊತ್ತು ಒಳ್ಳೆಯದು.

ಗೋಳಗುಮ್ಮಟದ ಹಿಂದಿನಿಂದ ಚಂದ್ರ ಮೂಡುವ ಚಿತ್ರ ಬೇಕೇ? ಗುಮ್ಮಟದ ಹೊರ ಅಗಲ ಸುಮಾರು 44 ಮೀಟರ್. ಅದರ ಪಶ್ಚಿಮಕ್ಕೆ ಹೆಚ್ಚುಕಡಿಮೆ 5 ಕಿ.ಮೀ. ದೂರದಲ್ಲಿ, ಗುಮ್ಮಟ ಕಾಣುವ ಎತ್ತರದ ಜಾಗ ಹುಡುಕಿ. ಅಲ್ಲಿಂದ ಗುಮ್ಮಟವೂ ಚಂದ್ರನೂ ಒಂದೇ ಅಗಲ ಕಾಣುತ್ತವೆ! ಹತ್ತಿರದಿಂದ ತೆಗೆದರೆ ಗುಮ್ಮಟದ ಪಕ್ಕ ಚಂದ್ರ ಗುಂಡುಗಡಲೆ. ದೊಡ್ಡ ಚಂದ್ರನ ಗುಟ್ಟು ದೂರ ನಿಲ್ಲುವುದರಲ್ಲಿದೆ.

ನೆನಪಿರಲಿ

* ಕೆರೆಯ ಕಡೆ ಒಬ್ಬರೇ ಹೋಗಬೇಡಿ. ಮನೆಮಂದಿ ಅಥವಾ ನಾಲ್ಕು ಗೆಳತಿಯರು ಜೊತೆಗಿರಲಿ. ಬೆಳಕಿರುವಾಗಲೇ ಜಾಗ ನೋಡಿಕೊಳ್ಳಿ. ಕಣ್ಣು ಕ್ಯಾಮೆರಾದಲ್ಲಿದ್ದಾಗ ಕಾಲು ನೀರಿನ ಅಂಚಿನಲ್ಲಿ ಇರಬಾರದು.

* ಟಾರ್ಚ್, ಹೆಚ್ಚುವರಿ ಬ್ಯಾಟರಿ, ಖಾಲಿ ಮೆಮೊರಿ ಕಾರ್ಡ್ ಇಟ್ಟುಕೊಳ್ಳಿ.

* ಲೆನ್ಸನ್ನು ಸೆರಗಿನಿಂದ ಒರೆಸಬೇಡಿ, ಗೀರು ಬೀಳುತ್ತದೆ. ಮೊದಲು ಧೂಳು ಊದುವ ರಬ್ಬರ್ ಬಲ್ಬ್, ಆಮೇಲೆ ಮೆತ್ತನೆ ಲೆನ್ಸ್ ಬಟ್ಟೆ. ಮಳೆಗಾಲದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿಯಾಡದ ಡಬ್ಬಿಯಲ್ಲಿಡಿ, ಬೂಸ್ಟು ಹಿಡಿಯುವುದಿಲ್ಲ.

* ಇದೇ ಲೆನ್ಸನ್ನು ಸೂರ್ಯನ ಕಡೆ ಮಾತ್ರ ತಿರುಗಿಸಬೇಡಿ. ಕಣ್ಣಿಗೂ ಅಪಾಯ, ಕ್ಯಾಮೆರಾಕ್ಕೂ ಅಪಾಯ. ಮಕ್ಕಳಿಗೂ ಹೇಳಿಡಿ.

* ಪೂರ್ಣ ಚಂದ್ರಗ್ರಹಣದ ಕೆಂಪು ಚಂದ್ರ ತುಂಬ ಮಂಕು. ಮೇಲಿನ ಅಳತೆ ಅವನಿಗೆ ಸಾಲದು. ಐಎಸ್‌ಒ 800ಕ್ಕೆ ಏರಿಸಿ, ಒಂದು ಸೆಕೆಂಡಿನವರೆಗೆ ಶಟರ್ ತೆರೆದು ನೋಡಬೇಕು. 2028ರ ಡಿಸೆಂಬರ್ 31ರ ರಾತ್ರಿ ನಮ್ಮ ದೇಶಕ್ಕೆ ಪೂರ್ಣ ಚಂದ್ರಗ್ರಹಣ ಕಾಣಲಿದೆ. ಅಷ್ಟರಲ್ಲಿ ಕೈ ಪಳಗಿಸಿಕೊಳ್ಳಬಹುದು.

ಮೊದಲ ದಿನವೇ ಸೊಗಸಾದ ಚಿತ್ರ ಬರದಿದ್ದರೆ ಬೇಸರ ಬೇಡ. ಮೊದಲ ರೊಟ್ಟಿ ಯಾರಿಗೆ ದುಂಡಗೆ ಬಂದಿತ್ತು ಹೇಳಿ? ಮುಂದಿನ ಅಷ್ಟಮಿ ಯಾವತ್ತು ಅಂತ ಈಗಲೇ ನೋಡಿ, ಇವತ್ತೇ ಕ್ಯಾಮೆರಾದ ಬ್ಯಾಟರಿ ಚಾರ್ಜಿಗೆ ಹಾಕಿ. ಒಂದೇ ಒಂದು ಒಳ್ಳೆ ಚಿತ್ರ ಬಂದರೂ ಪ್ರಿಂಟ್ ಹಾಕಿಸಿ, ಹಾಲಿನ ಗೋಡೆಗೆ ತೂಗುಹಾಕಿ. ಬಂದವರು ‘ಯಾರು ತೆಗೆದದ್ದು?’ ಅಂತ ಕೇಳಿಯೇ ಕೇಳುತ್ತಾರೆ. ಆಗ ‘ನಾನೇ ರೀ!’ ಅನ್ನಲು ಸಂಕೋಚವೇಕೆ?